ದಿನವಿಡೀ ಆಲಿಸುವವರಿಗೆ ಕೆಲವು ಕಿವಿಮಾತುಗಳು

ಪಂಚ ಜ್ಞಾನೇಂದ್ರಿಯಗಳಲ್ಲಿ ಕಣ್ಣಿಗೆ ರೆಪ್ಪೆಯಿದೆ, ನಾಲಿಗೆಗೆ ತುಟಿಗಳ ಬಾಗಿಲಿದೆ. ಕಿವಿಗೆ ಮಾತ್ರ ಭಗವಂತನು ಮುಚ್ಚಳವನ್ನಿಡಲಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಅದು ತೆರೆದೇ ಇರುತ್ತದೆ. ಮಗು ಅತ್ತರೆ ತಾಯಿಗೆ ಎಚ್ಚರವಾಗುವುದು ಈ ಕಾರಣದಿಂದಲೇ. ಹೀಗೆ ಬಿಡುವಿಲ್ಲದೆ ದುಡಿಯುವ ಇಂದ್ರಿಯದ ಮೇಲೆ ಇಂದಿನ ಉದ್ಯೋಗ ಪದ್ಧತಿಯು ಮತ್ತೊಂದು ಹೊರೆಯನ್ನು ಹೊರಿಸಿದೆ. ಅದೇ ದಿನಕ್ಕೆ ಎಂಟು, ಹತ್ತು ಗಂಟೆಗಳ ಕಾಲ ತಲೆಯ ಮೇಲೆ ಕುಳಿತಿರುವ ಹೆಡ್‌ಫೋನ್.

ಕತ್ರಿಗುಪ್ಪೆಯ ನನ್ನ ಚಿಕಿತ್ಸಾಲಯಕ್ಕೆ ಹಿಂದೆ ಕಿವಿಯ ತೊಂದರೆಯೆಂದು ಬರುತ್ತಿದ್ದವರು ಬಹುತೇಕ ವಯೋವೃದ್ಧರು ಹಾಗೂ ಶಾಲೆಯ ಮಕ್ಕಳು. ಈಗ ಇಪ್ಪತ್ತೈದರಿಂದ ಮೂವತ್ತೈದರ ಪ್ರಾಯದವರು ಬರುತ್ತಿದ್ದಾರೆ. ಕೆಲವರು ಎಲೆಕ್ಟ್ರಾನಿಕ್ ಸಿಟಿಗೋ ಮೈಸೂರು ರಸ್ತೆಯ ಕಡೆಗೋ ನಿತ್ಯ ಹೋಗಿ ಬರುವವರು. ಕೆಲವರು ಮನೆಯ ಒಂದು ಕೋಣೆಯಲ್ಲಿಯೇ ಕುಳಿತು ಪರದೇಶದವರೊಡನೆ ಮಾತನಾಡುತ್ತಾ ಕೆಲಸ ಮಾಡುವವರು. 2020ರ ಮಾರ್ಚ್ ತಿಂಗಳ ನಂತರ ಈ ಎರಡನೆಯ ವರ್ಗ ಬಹಳ ಬೆಳೆಯಿತು.

ಅಂಥ ಒಬ್ಬ ಯುವಕನನ್ನು ಅವನ ತಾಯಿ ಕರೆದುಕೊಂಡು ಬಂದಿದ್ದರು. "ಡಾಕ್ಟ್ರೇ, ಊಟಕ್ಕೆ ಮೂರು ಸಲ ಕೂಗಿದರೂ ಇವನು ಓಗೊಡುವುದಿಲ್ಲ. ಹೆಡ್‌ಫೋನ್ ತೆಗೆದಿಟ್ಟ ಮೇಲೂ ಹೀಗೆಯೇ" ಎಂದು ಆ ತಾಯಿ ಹೇಳಿದರು. ಮಗನಿಗೆ ಅದು ಅಲಕ್ಷ್ಯವೆಂಬ ಆರೋಪದಂತೆ ಕೇಳಿಸಿ ಬೇಸರವಾಯಿತು. ವಿಚಾರಿಸಿದಾಗ, ರಾತ್ರಿ ಮಲಗಿದೊಡನೆ ಎರಡೂ ಕಿವಿಗಳಲ್ಲಿ ಜೀರುಂಡೆಯ ಸದ್ದು ಕೇಳುತ್ತದೆಂದೂ, ಸಂಜೆಯ ಹೊತ್ತಿಗೆ ಕಪಾಲದ ಇಕ್ಕೆಲಗಳೂ ನೋಯುತ್ತವೆಂದೂ ಒಪ್ಪಿಕೊಂಡನು. ಶ್ರವಣ ಪರೀಕ್ಷೆಗೆ ಕಳುಹಿಸಿದೆ. 4000 ಹರ್ಟ್ಸ್ ಆಸುಪಾಸಿನ ಕೀಚಲು ಧ್ವನಿಗಳನ್ನು ಗ್ರಹಿಸುವ ಶಕ್ತಿ ಎರಡೂ ಕಿವಿಗಳಲ್ಲಿ ತಗ್ಗಿತ್ತು. ಅಧಿಕ ಶಬ್ದದಿಂದ ಕಿವಿಗೆ ಪೆಟ್ಟಾದಾಗ ಮೊದಲು ಕಾಣುವ ಗುರುತು ಇದು. ಆ ಹುಡುಗ ತಾಯಿಯನ್ನು ಅಲಕ್ಷಿಸಿರಲಿಲ್ಲ. ಅವರ ಕೂಗು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ.

ಈ ಪ್ರಸಂಗದ ನಂತರ, ಹೆಡ್‌ಫೋನ್ ಆರಿಸಿಕೊಳ್ಳುವ ವಿಷಯವು ಆರೋಗ್ಯದ ವಿಷಯವೇ ಆಗಿದೆಯೆಂದು ನನಗೆ ಮನವರಿಕೆಯಾಯಿತು. ಆದ್ದರಿಂದ ಈ ತಿಂಗಳ ಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಕಿವಿಯೊಳಗೆ ನಡೆಯುವುದೇನು?

ನಮ್ಮ ಕಣ್ಣಿಗೆ ಕಾಣುವ ಕಿವಿಯ ಹಾಲೆಯು ಮೃದ್ವಸ್ಥಿಯಿಂದಾದುದು. ಅಲ್ಲಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳವು ಕಿವಿಯ ತಮಟೆಯವರೆಗೆ ಸಾಗುತ್ತದೆ. ತಮಟೆಯ ಆಚೆ ಮೂರು ಪುಟ್ಟ ಮೂಳೆಗಳು, ಅವುಗಳ ಆಚೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಒಳಗಿವಿ ಇವೆ. ಈ ಸುರುಳಿಯಲ್ಲಿ, ಒಂದೊಂದು ಕಿವಿಗೆ ಸುಮಾರು ಹದಿನೈದು ಸಾವಿರದಷ್ಟು ರೋಮಕೋಶಗಳಿವೆ. ಗಾಳಿಗೆ ರಾಗಿಯ ತೆನೆ ತೂಗುವಂತೆ ಇವುಗಳ ತುದಿಯ ರೋಮಗಳು ಶಬ್ದದ ಅಲೆಗೆ ತೂಗುತ್ತವೆ. ಆ ತೂಗಾಟವೇ ನರದ ಮೂಲಕ ಮಿದುಳಿಗೆ ಸಂದೇಶವಾಗಿ ಹೋಗುತ್ತದೆ.

ಬಿರುಗಾಳಿಗೆ ತೆನೆ ಒರಗಿದರೆ ಮರುದಿನ ಕೆಲವು ಎದ್ದು ನಿಲ್ಲುತ್ತವೆ, ಕೆಲವು ಮುರಿದೇ ಹೋಗುತ್ತವೆ. ರೋಮಕೋಶಗಳ ಸ್ಥಿತಿಯೂ ಹಾಗೆಯೇ. ಜಾತ್ರೆಯಲ್ಲಿ ಧ್ವನಿವರ್ಧಕದ ಪಕ್ಕದಲ್ಲಿ ನಿಂತು ಬಂದ ರಾತ್ರಿ ಕಿವಿ ಮಂದವಾಗಿ, ಬೆಳಗಿನ ವೇಳೆಗೆ ಸರಿಹೋಗುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಆದರೆ ಒಮ್ಮೆ ಸತ್ತ ರೋಮಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದನ್ನು ಹಿಂತಿರುಗಿ ತರುವ ಔಷಧವು ಯಾವ ವೈದ್ಯ ಪದ್ಧತಿಯಲ್ಲಿಯೂ ಇಂದು ಲಭ್ಯವಿಲ್ಲ. ಆಯುರ್ವೇದ ವೈದ್ಯನಾಗಿಯೇ ನಾನು ಈ ಮಾತನ್ನು ಹೇಳುತ್ತಿದ್ದೇನೆ.

ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ, ಇಂದ್ರಿಯವು ತನ್ನ ವಿಷಯದೊಡನೆ ಅಹಿತವಾಗಿ ಕೂಡುವುದನ್ನು ರೋಗಕ್ಕೆ ಕಾರಣವಾದ ಮೂರು ಸಂಗತಿಗಳಲ್ಲಿ ಒಂದೆಂದು ಹೇಳಲಾಗಿದೆ. ಅದರಲ್ಲಿ ಅತಿಯೋಗ, ಅಯೋಗ, ಮಿಥ್ಯಾಯೋಗ ಎಂಬ ಮೂರು ಬಗೆಗಳು. ಗುಡುಗು, ನಗಾರಿ, ಆರ್ಭಟ ಮುಂತಾದ ಶಬ್ದಗಳನ್ನು ಅತಿಯಾಗಿ ಕೇಳುವುದು ಕಿವಿಗೆ ಅತಿಯೋಗ. ಆ ಕಾಲದಲ್ಲಿ ಗುಡುಗು ಆಕಾಶದಲ್ಲಿತ್ತು, ನಗಾರಿ ಅಂಗಳದಲ್ಲಿತ್ತು. ಇಂದು ಅವೆರಡೂ ಕಿವಿಯ ನಾಳದೊಳಗೇ ಬಂದು ಕುಳಿತಿವೆ.

ಕಿವಿಗೂ ವಾರದ ಪಡಿತರವಿದೆ

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ, ಪ್ರಾಯದವರು ಇಂಥ ಸಾಧನಗಳಿಂದ 80 ಡೆಸಿಬಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ ಆ ಮಿತಿ 75 ಡೆಸಿಬಲ್. ಧ್ವನಿಯು 3 ಡೆಸಿಬಲ್ ಏರಿದಾಗಲೆಲ್ಲ ಅದರ ಶಕ್ತಿ ಇಮ್ಮಡಿಯಾಗುತ್ತದೆ, ಆದ್ದರಿಂದ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. 83 ಡೆಸಿಬಲ್‌ನಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 90ಕ್ಕೆ ಮುಟ್ಟಿದರೆ ವಾರಕ್ಕೆ ಕೇವಲ 4 ಗಂಟೆ.

ಈ ಲೆಕ್ಕವನ್ನು ಕಚೇರಿಯ ಲೆಕ್ಕದೊಡನೆ ಹೋಲಿಸಿ ನೋಡಿರಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಎಂದರೆ ಸರಿಯಾಗಿ 40 ಗಂಟೆ. ಕಚೇರಿಯಲ್ಲಿ 80 ಡೆಸಿಬಲ್‌ನಲ್ಲಿ ಕೇಳಿದವನ ವಾರದ ಪಡಿತರ ಶುಕ್ರವಾರ ಸಂಜೆಗೇ ಮುಗಿದಿರುತ್ತದೆ. ಮೆಟ್ರೋದಲ್ಲಿ ಕೇಳುವ ಹಾಡು, ರಾತ್ರಿ ನೋಡುವ ಚಲನಚಿತ್ರ, ಶನಿವಾರದ ಕ್ರಿಕೆಟ್ ಎಲ್ಲವೂ ಸಾಲವೇ. ಇನ್ನೊಂದು ಮಾತು: ಒಳಗಿವಿಯ ರೋಮಕೋಶಕ್ಕೆ ಚಿತ್ರಗೀತೆ ಯಾವುದು, ವಚನಗಾಯನ ಯಾವುದು ಎಂಬ ಭೇದ ತಿಳಿಯದು. ಧ್ವನಿ ಜೋರಾದರೆ ಎರಡೂ ಅತಿಯೋಗವೇ.

ಆದ್ದರಿಂದ ಹೆಡ್‌ಫೋನ್ ಕೊಳ್ಳುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, "ಇದರಲ್ಲಿ ಧ್ವನಿ ಎಷ್ಟು ಜೋರಾಗಿ ಬರುತ್ತದೆ?" ಎಂಬುದಲ್ಲ. "ಇದನ್ನು ಧರಿಸಿ ಎಷ್ಟು ಮೆಲ್ಲಗೆ ಕೇಳಿದರೂ ಮಾತು ಸ್ಪಷ್ಟವಾಗುತ್ತದೆ?" ಎಂಬುದು. ದೀರ್ಘಕಾಲದ ಹಿತವೆಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಮೂರು ಬಗೆಯ ಸಾಧನಗಳು

1910ರ ಸುಮಾರಿಗೆ ಅಮೆರಿಕದ ನತಾನಿಯೆಲ್ ಬಾಲ್ಡ್ವಿನ್ ಎಂಬುವರು ತಮ್ಮ ಅಡುಗೆಮನೆಯಲ್ಲಿ ತಯಾರಿಸಿದ ಹೆಡ್‌ಫೋನ್‌ಗಳನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. ಅದು ನಿಸ್ತಂತು ಸಂದೇಶ ಕೇಳುವ ಕೆಲವೇ ನೌಕರರ ಉಪಕರಣವಾಗಿತ್ತು. 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಅದು ಬೀದಿಗಿಳಿಯಿತು. ಇಂದು ಮಾರುಕಟ್ಟೆಯಲ್ಲಿರುವುವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಿವಿಯ ನಾಳದೊಳಗೆ ತೂರಿಸುವ ಇಯರ್‌ಫೋನ್ ಮತ್ತು ಇಯರ್‌ಬಡ್. ಹಗುರ, ಅಗ್ಗ, ಜೇಬಿನಲ್ಲಿಡಲು ಸುಲಭ. ಆದರೆ ಗಂಟೆಗಟ್ಟಲೆ ನಾಳವನ್ನು ಮುಚ್ಚಿದರೆ ಒಳಗೆ ಬೆವರು, ಬಿಸಿ ಸೇರುತ್ತವೆ. ತಾನಾಗಿಯೇ ಹೊರಕ್ಕೆ ಸರಿದು ಬರಬೇಕಾದ ಗುಗ್ಗೆ ಅಲ್ಲಿಯೇ ನಿಲ್ಲುತ್ತದೆ. 2020ರಲ್ಲಿ ರೋಗಿಗಳನ್ನು ದೂರವಾಣಿಯಲ್ಲಿಯೇ ವಿಚಾರಿಸಬೇಕಾಗಿ ಬಂದಾಗ, ನಾನೂ ಮಗನ ಇಯರ್‌ಬಡ್‌ಗಳನ್ನು ಬೆಳಗಿನಿಂದ ಸಂಜೆಯವರೆಗೆ ಧರಿಸುತ್ತಿದ್ದೆ. ಮೂರೇ ವಾರಗಳಲ್ಲಿ ಕಿವಿಯಲ್ಲಿ ತಡೆಯಲಾರದ ತುರಿಕೆ ಪ್ರಾರಂಭವಾಯಿತು. ಸುಶ್ರುತರು ಹೇಳಿದ 28 ಕರ್ಣರೋಗಗಳಲ್ಲಿ ಕರ್ಣಕಂಡು ಒಂದೆಂದು ವಿದ್ಯಾರ್ಥಿಯಾಗಿದ್ದಾಗ ಬಾಯಿಪಾಠ ಮಾಡಿದ್ದೆ; ಅರವತ್ತರ ವಯಸ್ಸಿನಲ್ಲಿ ಅದನ್ನು ಸ್ವಂತ ಕಿವಿಯಿಂದಲೇ ಅಭ್ಯಾಸ ಮಾಡಿದಂತಾಯಿತು.

ಎರಡನೆಯದು ಹಾಲೆಯ ಮೇಲೆ ಕೂರುವ ಚಿಕ್ಕ ಮೆತ್ತೆಗಳ ಹೆಡ್‌ಫೋನ್. ಅನೇಕ ಕಚೇರಿಗಳಲ್ಲಿ ಕೊಡುವುದು ಇದನ್ನೇ. ನಾಳಕ್ಕೆ ಗಾಳಿಯಾಡುತ್ತದೆ. ಆದರೆ ಇದರ ಒತ್ತಡವೆಲ್ಲ ತೆಳುವಾದ ಮೃದ್ವಸ್ಥಿಯ ಮೇಲೆ ಬೀಳುವುದರಿಂದ ಒಂದೆರಡು ಗಂಟೆಗಳಲ್ಲಿ ಹಾಲೆ ಕೆಂಪಾಗಿ ನೋಯುತ್ತದೆ.

ಮೂರನೆಯದು ಇಡೀ ಕಿವಿಯನ್ನು ಸುತ್ತುವರಿಯುವ ದೊಡ್ಡ ಮೆತ್ತೆಗಳದು. ಒತ್ತಡವು ಕಿವಿಯ ಸುತ್ತಲಿನ ಮೂಳೆಯ ಮೇಲೆ ಹಂಚಿಹೋಗುತ್ತದೆ, ಹಾಲೆಗೆ ತಾಗುವುದಿಲ್ಲ, ಹೊರಗಿನ ಗದ್ದಲವೂ ಸ್ವಲ್ಪ ತಗ್ಗುತ್ತದೆ. ದಿನಕ್ಕೆ ಆರೇಳು ಗಂಟೆ ಆಲಿಸಲೇಬೇಕಾದವರಿಗೆ ನಾನು ಸೂಚಿಸುವುದು ಇದನ್ನು. ಸೆಖೆಯಾಗುವುದೊಂದೇ ಇದರ ಮುಖ್ಯ ಕೊರತೆ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

ಯಾವ ಹೆಡ್‌ಫೋನಾದರೂ ಮೊದಲ ಎರಡು ನಿಮಿಷ ಹಿತವಾಗಿಯೇ ಇರುತ್ತದೆ. ಹೊಸ ಪಾದರಕ್ಷೆಯು ಅಂಗಡಿಯ ರತ್ನಗಂಬಳಿಯ ಮೇಲೆ ಹಿತವಾಗಿರುವಂತೆ! ಆದ್ದರಿಂದ ಕನಿಷ್ಠ ಇಪ್ಪತ್ತು ನಿಮಿಷ ಧರಿಸಿ ನೋಡಬೇಕು. ಅಂತರ್ಜಾಲದ ಮೂಲಕ ತರಿಸುವುದಾದರೆ ಹಿಂದಿರುಗಿಸುವ ಅವಕಾಶ ಇರುವುದನ್ನೇ ಆರಿಸಿ, ಮೊದಲ ದಿನವೇ ಎರಡು ಗಂಟೆ ಧರಿಸಿ ಪರೀಕ್ಷಿಸಬೇಕು. ಆಗ ಗಮನಿಸಬೇಕಾದುವು ಇವು:

ತೂಕ: 250 ಗ್ರಾಂ ಮೀರದಿರುವುದು ಒಳ್ಳೆಯದು. ಕಂಪ್ಯೂಟರಿನ ಮುಂದೆ ಕತ್ತು ಬಾಗಿಸಿ ಕುಳಿತವರಿಗೆ ತಲೆಯ ಮೇಲಿನ ಪ್ರತಿ ಗ್ರಾಮೂ ಕತ್ತಿನ ಮಾಂಸಖಂಡಗಳ ಮೇಲೆ ಬೀಳುತ್ತದೆ. ಕತ್ತುನೋವು ಇರುವವರು ಇನ್ನೂ ಹಗುರವಾದುದನ್ನು ಆರಿಸಬೇಕು.

ಬಿಗಿತ: ಧರಿಸಿಕೊಂಡು ತಲೆಯನ್ನು ಬಾಗಿಸಿ, ಎಡಬಲಕ್ಕೆ ತಿರುಗಿಸಿ ನೋಡಿರಿ. ಜಾರಬಾರದು, ಅದುಮಲೂ ಬಾರದು. ಬಳಿಕ ಐದು ನಿಮಿಷ ಮಾತನಾಡಿರಿ. ದವಡೆಯ ಕೀಲು ಕಿವಿಯ ಮುಂದೆಯೇ ಇರುವುದರಿಂದ, ಮಾತನಾಡುವಾಗ ಅಲ್ಲಿ ಒತ್ತಿದಂತಾದರೆ ಸಂಜೆಗೆ ತಲೆನೋವು ಬರುತ್ತದೆ.

ಕನ್ನಡಕ ಮತ್ತು ಕಿವಿಯ ಆಭರಣ: ಕನ್ನಡಕ ಧರಿಸುವವರು ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ಬಿಗಿಯಾದ ಮೆತ್ತೆಯು ಕನ್ನಡಕದ ಕಡ್ಡಿಯನ್ನು ಮೂಳೆಗೆ ಅದುಮುತ್ತದೆ. ಅನೇಕರು ಅರೆತಲೆನೋವೆಂದು ನನ್ನಲ್ಲಿಗೆ ತಂದ ನೋವು ಇದೇ ಆಗಿತ್ತು. ಹೆಣ್ಣುಮಕ್ಕಳು ಓಲೆಯ ತಿರುಪನ್ನು ಗಮನಿಸಬೇಕು. ಮೆತ್ತೆಯ ಕೆಳಗೆ ಸಿಕ್ಕಿದ ತಿರುಪು ಕಿವಿಯ ಹಿಂದಿನ ಚರ್ಮವನ್ನು ಚುಚ್ಚಿ ಹುಣ್ಣು ಮಾಡುತ್ತದೆ. ಕೆಲಸದ ವೇಳೆಯಲ್ಲಿ ಸಣ್ಣ ಓಲೆ ಧರಿಸುವುದು, ತುರುಬನ್ನು ತಲೆಪಟ್ಟಿಗೆ ಅಡ್ಡಬಾರದಂತೆ ಕೆಳಗೆ ಕಟ್ಟುವುದು ಕ್ಷೇಮ.

ಮೆತ್ತೆ: ಒಳಗಿನ ಕುಳಿಯು ಇಡೀ ಕಿವಿ ಹಿಡಿಸುವಷ್ಟು ಅಗಲವಾಗಿಯೂ, ಹಾಲೆಯ ಅಂಚು ಒಳಗಿನ ತಟ್ಟೆಗೆ ತಾಗದಷ್ಟು ಆಳವಾಗಿಯೂ ಇರಬೇಕು. ರೆಕ್ಸಿನ್ ಹೊದಿಕೆಯು ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆವರು ತರಿಸುತ್ತದೆ. ಬಟ್ಟೆಯ ಹೊದಿಕೆಗೆ ಗಾಳಿಯಾಡುತ್ತದೆ, ಆದರೆ ಸದ್ದನ್ನು ತಡೆಯುವ ಗುಣ ಕಡಿಮೆ. ಗದ್ದಲವಿಲ್ಲದ ಮನೆಯಲ್ಲಿ ಕೆಲಸ ಮಾಡುವವರಿಗೆ ಬಟ್ಟೆಯದು, ಗದ್ದಲದ ಕಚೇರಿಯವರಿಗೆ ರೆಕ್ಸಿನ್‌ನದು ಸೂಕ್ತ. ಸವೆದ ಮೆತ್ತೆಯನ್ನು ಬದಲಿಸಲು ಬರುವಂಥದ್ದನ್ನೇ ಕೊಳ್ಳಿರಿ.

ಮೈಕ್: ನಮ್ಮ ಮಾತು ಎದುರಿನವರಿಗೆ ಸ್ಪಷ್ಟವಾಗಿ ತಲುಪದಿದ್ದರೆ ನಾವು ಕೂಗುತ್ತೇವೆ. ಎರಡೂ ಕಿವಿ ಮುಚ್ಚಿದಾಗ ನಮ್ಮ ಧ್ವನಿ ನಮಗೇ ಸರಿಯಾಗಿ ಕೇಳಿಸದೆ ಇನ್ನೂ ಜೋರಾಗಿ ಮಾತನಾಡುತ್ತೇವೆ. ಸಂಜೆಗೆ ಗಂಟಲು ಕಟ್ಟುತ್ತದೆ. ಬಾಯಿಯ ಬಳಿಗೆ ಬಾಗುವ ಮೈಕ್, ಜೊತೆಗೆ ಮಾತನಾಡುವವರ ಧ್ವನಿಯನ್ನು ಅವರ ಕಿವಿಗೂ ಮೆಲ್ಲಗೆ ಕೇಳಿಸುವ ವ್ಯವಸ್ಥೆ ಇರುವ ಹೆಡ್‌ಸೆಟ್ ಮಾತಿನ ಕಾಯಕದವರಿಗೆ ಉತ್ತಮ.

ಬೆಲೆ ಹೆಚ್ಚಿದಷ್ಟೂ ಹಿತ ಹೆಚ್ಚು ಎಂಬ ನಿಯಮವಿಲ್ಲ. ಒಬ್ಬರ ತಲೆಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪಲಾರದು. ಹೀಗಾಗಿ ಮಕ್ಕಳಿಗೆ ಉಡುಗೊರೆಯಾಗಿ ಕೊಡುವ ಹಿರಿಯರು ಅವರನ್ನೇ ಅಂಗಡಿಗೆ ಕರೆದೊಯ್ಯುವುದು ಲೇಸು.

ಗದ್ದಲವನ್ನು ಅಳಿಸುವ ಹೆಡ್‌ಫೋನ್ ಬೇಕೇ?

ನಮ್ಮ ವರ್ತುಲ ರಸ್ತೆಯಲ್ಲಿ ಬಸ್ಸಿನೊಳಗೆ ಕುಳಿತವರು ಎಂಜಿನ್ನಿನ ಸದ್ದನ್ನು ಮೀರಿಸಲು ಹಾಡಿನ ಧ್ವನಿಯನ್ನು ಏರಿಸುತ್ತಾರೆ. ಕಿವಿಗೆ ಆಗ ಎರಡು ಶಬ್ದಗಳ ಹೊರೆ. ಹೊರಗಿನ ಸದ್ದನ್ನು ಮೈಕ್ ಮೂಲಕ ಗ್ರಹಿಸಿ, ಅದಕ್ಕೆ ವಿರುದ್ಧವಾದ ಅಲೆಯನ್ನು ಹುಟ್ಟಿಸಿ, ಎರಡನ್ನೂ ಪರಸ್ಪರ ಅಳಿಸುವ ತಂತ್ರವುಳ್ಳ ಹೆಡ್‌ಫೋನ್‌ಗಳು ಇಲ್ಲಿ ನೆರವಾಗುತ್ತವೆ. 1978ರಲ್ಲಿ ವಿಮಾನದಲ್ಲಿ ಪ್ರಯಾಣಿಸುತ್ತಿದ್ದಾಗ ಹಾಡು ಸರಿಯಾಗಿ ಕೇಳಿಸದೆ ಬೇಸತ್ತ ಅಮರ್ ಬೋಸ್ ಎಂಬ ಎಂಜಿನಿಯರು ಈ ದಿಕ್ಕಿನಲ್ಲಿ ಕೆಲಸ ಆರಂಭಿಸಿದರು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು.

ಎಂಜಿನ್, ಫ್ಯಾನ್, ಹವಾನಿಯಂತ್ರಣ ಯಂತ್ರಗಳ ಏಕನಾದದ ಸದ್ದನ್ನು ಇವು ಬಹಳ ತಗ್ಗಿಸುತ್ತವೆ. ಪಕ್ಕದವರ ಮಾತು, ಕುಕ್ಕರಿನ ಸೀಟಿ ಮುಂತಾದುವನ್ನು ಅಷ್ಟಾಗಿ ತಗ್ಗಿಸಲಾರವು. ಗದ್ದಲ ತಗ್ಗಿದೊಡನೆ ಧ್ವನಿಯ ಮಟ್ಟವನ್ನೂ ಇಳಿಸಿದರೆ ಮಾತ್ರ ಕಿವಿಗೆ ಲಾಭ. ಕೆಲವರಿಗೆ ಇದರಿಂದ ಕಿವಿಯಲ್ಲಿ ಒತ್ತಿದಂತಾಗಿ ತಲೆ ಭಾರವೆನಿಸುವುದುಂಟು. ಅಂಥವರು ಆ ಸೌಲಭ್ಯವನ್ನು ಆರಿಸಿಕೊಂಡು ಬಳಸಬೇಕು. ಕಾಲ್ನಡಿಗೆಯಲ್ಲಿ ರಸ್ತೆ ದಾಟುವಾಗ ಯಾವ ಬಗೆಯದನ್ನೂ ಧರಿಸಬಾರದು. ಬಸ್ಸಿನ ಹಾರ್ನು ಕೇಳಿಸದಿದ್ದರೆ ಆಗುವ ಹಾನಿಯ ಮುಂದೆ ಉಳಿದುದೆಲ್ಲ ಅಲ್ಪ.

ದಿನನಿತ್ಯದ ಪಥ್ಯ

1. ಮೊಬೈಲಿನಲ್ಲಿ ಗರಿಷ್ಠ ಧ್ವನಿಯ ಶೇಕಡ 60ನ್ನು ಮೀರದಂತೆ ಇರಿಸಿಕೊಳ್ಳಿ. ಅದರ ಸೆಟ್ಟಿಂಗ್ಸ್‌ನಲ್ಲಿ ಮಿತಿ ಹಾಕುವ ಅವಕಾಶವಿದ್ದರೆ ಬಳಸಿ. ನಿಮ್ಮ ಹೆಡ್‌ಫೋನಿನ ಮಾತು ಪಕ್ಕದಲ್ಲಿ ಕುಳಿತವರಿಗೂ ಕೇಳಿಸುತ್ತಿದ್ದರೆ ಧ್ವನಿ ಹೆಚ್ಚಾಗಿದೆಯೆಂದೇ ತಿಳಿಯಿರಿ.

2. ಗಂಟೆಗೊಮ್ಮೆ ಐದರಿಂದ ಹತ್ತು ನಿಮಿಷ ಹೆಡ್‌ಫೋನ್ ತೆಗೆದಿಡಿ. ಆ ಬಿಡುವಿನಲ್ಲಿ ಮೊಬೈಲಿನ ಹಾಡು ಹಾಕಬೇಡಿ, ಸುಮ್ಮನಿರಿ. ಬೆಳಗಿನ ಲಿಂಗಪೂಜೆಯ ಮೌನವು ಮನಸ್ಸಿಗೆ ನೀಡುವ ವಿಶ್ರಾಂತಿಯನ್ನು ಕಿವಿಗೂ ನೀಡುತ್ತದೆ.

3. ಒಂದೇ ಕಿವಿಯ ಹೆಡ್‌ಸೆಟ್ ಬಳಸುವವರು ದಿನದಲ್ಲಿ ಆಗಾಗ ಕಿವಿ ಬದಲಿಸಿ. ಗದ್ದಲದ ಸ್ಥಳದಲ್ಲಿ ಎರಡು ಕಿವಿಯದೇ ಲೇಸು, ಏಕೆಂದರೆ ಎರಡೂ ಕಿವಿಗಳಿಂದ ಕೇಳುವಾಗ ಕಡಿಮೆ ಧ್ವನಿಯೇ ಸಾಕಾಗುತ್ತದೆ.

4. ಮೆತ್ತೆಗಳನ್ನು ದಿನವೂ ಒಣಬಟ್ಟೆಯಿಂದ ಒರೆಸಿ. ಒಬ್ಬರು ಬಳಸಿದ ಇಯರ್‌ಬಡ್ ಇನ್ನೊಬ್ಬರು ಬಳಸಬಾರದು. ಅಭ್ಯಂಜನ ಮಾಡಿದ ದಿನ ಕಿವಿ ಪೂರ್ಣ ಒಣಗುವವರೆಗೆ ಇಯರ್‌ಬಡ್ ಬೇಡ.

5. ಹೇರ್‌ಪಿನ್, ಬೆಂಕಿಕಡ್ಡಿ, ಬೀಗದ ಕೈಗಳಿಂದ ಕಿವಿ ಕೆದಕುವುದನ್ನು ಬಿಟ್ಟುಬಿಡಿ. ಗುಗ್ಗೆಯು ಕೊಳೆಯಲ್ಲ, ನಾಳವನ್ನು ಕಾಯುವ ಕಾವಲುಗಾರ.

6. ರಾತ್ರಿ ಹೆಡ್‌ಫೋನ್ ಧರಿಸಿ ನಿದ್ರಿಸುವ ಅಭ್ಯಾಸ ಸರ್ವಥಾ ಬೇಡ.

ಆಯುರ್ವೇದದ ನೆರವು ಮತ್ತು ಅದರ ಮಿತಿ

ಆಯುರ್ವೇದದಲ್ಲಿ ಕಿವಿಯು ವಾತದ ಸ್ಥಾನಗಳಲ್ಲೊಂದು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಅಷ್ಟಾಂಗ ಹೃದಯದ ದಿನಚರ್ಯೆಯಲ್ಲಿ ಹೇಳಿದೆ. ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಕಿವಿಯ ಸುತ್ತ, ಕಪಾಲ, ದವಡೆ ಮತ್ತು ಕತ್ತಿಗೆ ಹತ್ತು ನಿಮಿಷ ಮೆಲ್ಲಗೆ ತಿಕ್ಕಿದರೆ ದಿನವಿಡೀ ಬಿಗಿದಿದ್ದ ಮಾಂಸಖಂಡಗಳು ಸಡಿಲಗೊಂಡು ನಿದ್ರೆ ಚೆನ್ನಾಗಿ ಬರುತ್ತದೆ. ಕಿವಿಯೊಳಗೆ ಎಣ್ಣೆ ತುಂಬುವ ಕರ್ಣಪೂರಣವನ್ನು ಮಾತ್ರ ವೈದ್ಯರಿಗೆ ತೋರಿಸದೆ ಮಾಡಿಕೊಳ್ಳಬೇಡಿ. ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ, ನೋವಿದ್ದರೆ ಒಂದು ಹನಿ ಎಣ್ಣೆಯೂ ಅಪಾಯಕಾರಿ.

ಇನ್ನೊಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾಗಿದೆ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನಗಳಲ್ಲಿ ಮಂದವಾದರೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ನನ್ನಂಥ ವೈದ್ಯರ ಬಳಿಗೂ ಬರಬೇಡಿ. ಅಂದೇ ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋಗಿರಿ. ಇಂಥ ಶ್ರವಣನಾಶಕ್ಕೆ ಮೊದಲ ಕೆಲವು ದಿನಗಳ ಚಿಕಿತ್ಸೆಯೇ ಅಮೂಲ್ಯ. ಎರಡು ವಾರ ಕಳೆದರೆ ಫಲ ಕುಗ್ಗುತ್ತದೆ. ಎಡೆಬಿಡದ ಗುಂಯ್‌ಗುಡುವಿಕೆ, ತಲೆಸುತ್ತು, ಗುಂಪಿನಲ್ಲಿ ಮಾತು ತಿಳಿಯದಿರುವುದು, ಇವುಗಳಲ್ಲಿ ಯಾವುದಿದ್ದರೂ ಶ್ರವಣ ಪರೀಕ್ಷೆ ಅಗತ್ಯ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆ ದೊರೆಯುತ್ತದೆ. ಅದರಲ್ಲಿ ನೋವಿಲ್ಲ, ಸೂಜಿಯಿಲ್ಲ. ದಿನವಿಡೀ ಆಲಿಸುವ ವೃತ್ತಿಯವರು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವುದು ಹಿತ.

ಆರಂಭದಲ್ಲಿ ಹೇಳಿದ ಯುವಕನ ವಿಷಯ ತಿಳಿಸಿ ಮುಗಿಸುತ್ತೇನೆ. ಅವನು ಹಗುರವಾದ, ಕಿವಿ ಸುತ್ತುವ ಹೆಡ್‌ಸೆಟ್ ಕೊಂಡನು. ಧ್ವನಿಗೆ ಮಿತಿ ಹಾಕಿದನು. ಗಂಟೆಗೊಮ್ಮೆ ಎದ್ದು ಹೊರಬರುವುದನ್ನು ರೂಢಿಸಿಕೊಂಡನು. ಆರು ತಿಂಗಳ ನಂತರ ಕಪಾಲದ ನೋವು ಹೋಗಿದೆ, ರಾತ್ರಿಯ ಜೀರುಂಡೆ ಸದ್ದು ಬಹಳ ತಗ್ಗಿದೆ. ಪರೀಕ್ಷೆಯಲ್ಲಿ ಕಂಡ ಕೊರತೆ ಮಾತ್ರ ಹಾಗೆಯೇ ಇದೆ. ಹೆಚ್ಚಾಗಿಲ್ಲ ಎಂಬುದೇ ಸಮಾಧಾನ. "ಈಗ ಬಾಗಿಲ ಬಳಿ ಬಂದು ನಿಂತು ಕರೆಯುತ್ತೇನೆ ಡಾಕ್ಟ್ರೇ, ಓ ಅನ್ನುತ್ತಾನೆ" ಎಂದು ಅವನ ತಾಯಿ ಹೇಳಿದರು.

ಕಾಯಕವು ದೊಡ್ಡದು. ಅದನ್ನು ಮಾಡುವ ಕಾಯವನ್ನು ಜೋಪಾನ ಮಾಡುವುದೂ ಕಾಯಕದ ಭಾಗವೇ. ಮುಚ್ಚಳವಿಲ್ಲದ ಈ ಇಂದ್ರಿಯಕ್ಕೆ ನಮ್ಮ ವಿವೇಕವೇ ಮುಚ್ಚಳವಾಗಲಿ. ಸಮಸ್ತ ಸದ್ಭಕ್ತರಿಗೂ ಆರೋಗ್ಯಭಾಗ್ಯ ದೊರೆಯಲಿ.